ಪಾಠ 9: ನಮ್ಮ ಮನೆ, ನಾವೇ ನೋಡೋಣ

ನಾವು ಕಲಬುರಗಿಯ ಸ್ಟೇಶನ್ ಬಜಾರದ ಕಲಿಕಾ ಕೇಂದ್ರದವರು. ಸಂಜೆ ಕೆಲಸ ಮುಗಿಸಿ ಕೂಡುತ್ತೇವೆ. ಓದುತ್ತೇವೆ, ಬರೆಯುತ್ತೇವೆ. ಕಷ್ಟ ಸುಖ ಮಾತಾಡುತ್ತೇವೆ.

ಒಂದು ದಿನ ನಮ್ಮ ಗುಂಪಿನ ಅಕ್ಕ ಒಬ್ಬರು ಹೇಳಿದರು:

"ಟೀಚರ್, ನಮ್ಮ ಕೂಲರ್ ಮುಟ್ಟಿದ್ರ ಜುಮ್ ಅಂತದರಿ. ಹುಡುಗರು ಮುಟ್ಟಿ ಮುಟ್ಟಿ ನಗತಾವ."

ನಮಗೆ ನಗು ಬರಲಿಲ್ಲ.

"ಎಷ್ಟು ದಿನ ಆಯ್ತರಿ ಅಕ್ಕ?"

"ಬ್ಯಾಸಗಿ ಸುರು ಆದಾಗಿಂದ ಹಿಂಗೇ ಅದರಿ. ಸಣ್ಣದು, ಏನೂ ಆಗಂಗಿಲ್ಲ."

ಇವತ್ತು ಜುಮ್ ಅಂದದ್ದು ನಾಳೆ ಜೀವ ತೆಗೆಯಬಹುದು. ಅದಕ್ಕೇ ಅಕ್ಕನಿಗೆ ಕೂಲರ್ ಬಂದ್ ಮಾಡಲು ಹೇಳಿದೆವು. ಮರುದಿನ ಎಲ್ಲರೂ ಕೂಡಿ ಅವರ ಮನೆಗೆ ಹೋದೆವು. ಪರಿಚಯದ ವೈರ್‌ಮನ್ ಅಣ್ಣನನ್ನೂ ಕರೆದುಕೊಂಡು ಹೋದೆವು. ನಮ್ಮ ಕೈಯಲ್ಲಿ ಇದ್ದದ್ದು ಇಷ್ಟೇ: ಟಾರ್ಚ್, ಟೆಸ್ಟರ್, ಕೋಲು, ಕಲ್ಲು ಕಟ್ಟಿದ ದಾರ, ಕಾಗದ, ಪೆನ್ಸಿಲ್.

ಮೊದಲು ಕರೆಂಟ್

ಕೂಲರಿಗೆ ಪಿನ್ನೇ ಇರಲಿಲ್ಲ. ಎರಡು ವೈರುಗಳನ್ನು ಕಡ್ಡಿ ಸೇರಿಸಿ ತೂತಿಗೆ ತುರುಕಿದ್ದರು. ಹಸಿರು ವೈರ್ ಕತ್ತರಿಸಿ ಬಿಟ್ಟಿದ್ದರು.

ವೈರ್‌ಮನ್ ಅಣ್ಣ ಟೆಸ್ಟರ್ ಹಿಡಿದರು. ಮೊದಲು ಕರೆಂಟ್ ಇರುವ ಕಡೆ ಹಚ್ಚಿ, ಟೆಸ್ಟರ್ ಸರಿ ಇದೆಯೇ ಎಂದು ನೋಡಿದರು. ಆಮೇಲೆ ಕೂಲರಿನ ಬಣ್ಣ ಇಲ್ಲದ ಸ್ಕ್ರೂಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಹತ್ತಿತು. ತಗಡಿನ ಮೈಯಲ್ಲಿ ಕರೆಂಟ್ ಇತ್ತು.

ಹೀಗೆ ಯಾಕೆ ಆಗುತ್ತದೆ? ಕೂಲರಿನ ಒಳಗೆ ನೀರು ಇರುತ್ತದೆ. ಮೋಟಾರ್ ಹಸಿಯಾದರೆ ಕರೆಂಟ್ ತಗಡಿಗೆ ಸೋರುತ್ತದೆ. ಹಸಿರು ವೈರ್ ಅದನ್ನು ಭೂಮಿಗೆ ಒಯ್ಯುತ್ತದೆ. ಇದೇ ಅರ್ಥಿಂಗ್. ಹಸಿರು ವೈರ್ ಇಲ್ಲದಿದ್ದರೆ ಕರೆಂಟ್ ನಮ್ಮ ಮೈಯ ಮೇಲಿಂದ ಭೂಮಿಗೆ ಹೋಗುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗುವಿಗೆ ಅಪಾಯ ಇನ್ನೂ ಹೆಚ್ಚು.

ಹಿತ್ತಲಲ್ಲಿ ಅರ್ಥಿಂಗ್ ಕುಣಿ ಇತ್ತು. ಉಪ್ಪು, ಇದ್ದಿಲು ಹಾಕಿ ಮುಚ್ಚುವ ಕುಣಿ ಅದು. ಬೇಸಿಗೆಯ ಬಿಸಿಲಿಗೆ ಮಣ್ಣು ಒಣಗಿ ಬಿರಿದಿತ್ತು. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಆ ಕುಣಿಗೆ ಆಗಾಗ ನೀರು ಹಾಕಬೇಕು.

ಅಂಗಳದಲ್ಲಿ ಇನ್ನೊಂದು ತಪ್ಪು ಕಂಡಿತು. ಬಟ್ಟೆ ಒಣಹಾಕುವ ಕಬ್ಬಿಣದ ತಂತಿ, ಕರೆಂಟಿನ ವೈರಿಗೆ ತಾಗುತ್ತಿತ್ತು. ವೈರಿನ ಮೇಲಿನ ರಬ್ಬರ್ ಸವೆದಿತ್ತು. ಒದ್ದೆ ಸೀರೆ ಹಾಕಲು ಹೋದವರ ಗತಿ ಏನು? ಅಣ್ಣ ಮೊದಲು ಮೇನ್ ಬಂದ್ ಮಾಡಿದರು. ಆಮೇಲೆ ಆ ತಂತಿ ಬಿಚ್ಚಿದರು. ಅಕ್ಕ ಬೇರೆ ಕಡೆ ನೂಲಿನ ಹಗ್ಗ ಕಟ್ಟಿದರು.

ಆಮೇಲೆ ಗೋಡೆ

ಒಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಗಿಲಾವಿನ ಮೇಲೆ ಕೂದಲಿನಂಥ ಗೆರೆ ಇದ್ದರೆ ಸಾಮಾನ್ಯ. ರೂಪಾಯಿಯ ಅಂಚು ಒಳಗೆ ಹೋಗುವಷ್ಟು ಅಗಲ ಇದ್ದರೆ ಗೌಂಡಿಗೆ ತೋರಿಸಬೇಕು. ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಇದ್ದರೆ ಬುನಾದಿ ಕುಸಿದಿರಬಹುದು. ನಮ್ಮದು ಕರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲೆ ನಿಂತ ಗೋಡೆಯೂ ಅಲುಗುತ್ತದೆ.

ಕಲ್ಲು ಕಟ್ಟಿದ ದಾರವನ್ನು ಗೋಡೆಯ ಮೇಲಿನಿಂದ ಇಳಿಬಿಟ್ಟೆವು. ದಾರ ನೇರ ನಿಂತಿತು. ಗೋಡೆಯೂ ನೇರ ಇತ್ತು. ಗೋಡೆ ಹೊಟ್ಟೆ ಬಿಟ್ಟಿದ್ದರೆ ದಾರ ಹೇಳುತ್ತಿತ್ತು. ಕೋಲಿನಿಂದ ಸ್ಲ್ಯಾಬನ್ನು ಮೆಲ್ಲಗೆ ತಟ್ಟಿದೆವು. ಒಂದು ಕಡೆ ಟೊಳ್ಳು ಸದ್ದು ಬಂತು. ಅಲ್ಲಿ ತುಕ್ಕಿನ ಕಲೆ ಇತ್ತು. ಅದರ ಕೆಳಗೇ ಮಕ್ಕಳ ಹಾಸಿಗೆ! ಹಾಸಿಗೆಯನ್ನು ಆಗಲೇ ಸರಿಸಿದೆವು.

ಬಿರುಕಿನ ಮೇಲೆ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸಿದೆವು. ಪಕ್ಕದಲ್ಲಿ ಅಕ್ಕ ತಾವೇ ತಾರೀಕು ಬರೆದರು. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದು ಅರ್ಥ.

ಕಿಲ್ಲಾರಿಯ ನೆನಪು

ಗೋಡೆಗೆ ಇಷ್ಟು ಚಿಂತೆ ಯಾಕೆ? ಲಾತೂರ ಜಿಲ್ಲೆಯ ಕಿಲ್ಲಾರಿಯನ್ನು ಹಿರಿಯರು ಮರೆತಿಲ್ಲ. 1993ರ ಸೆಪ್ಟೆಂಬರ್ 30. ಜನ ಗಣಪತಿ ಕಳಿಸಿ ಬಂದು ಮಲಗಿದ್ದರು. ಬೆಳಗಿನ ಜಾವ ಭೂಮಿ ನಡುಗಿತು. ಅಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಮೇಲೆ ಮೇಲೆ ಮಣ್ಣು ಹಾಕಿದರೆ ಮಾಳಿಗೆಯ ಭಾರ ಹೆಚ್ಚುತ್ತದೆ. ಆ ಗೋಡೆಗಳು ಬಿದ್ದು ಸಾವಿರಾರು ಜನ ಸತ್ತರು. ನಮ್ಮ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿಯೂ 2021ರ ಅಕ್ಟೋಬರಿನಲ್ಲಿ ಭೂಮಿ ನಡುಗಿತು. ಜನ ಹೆದರಿ ಊರು ಬಿಟ್ಟಿದ್ದರು.

ಭೂಮಿ ನಡುಗುವುದನ್ನು ನಾವು ತಡೆಯಲಾರೆವು. ಗೋಡೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಕ್ಕ ಓದಿದ ಚೀಟಿ

ಅಂದು ರಾತ್ರಿ ಅಕ್ಕ ಒಂದು ಚೀಟಿ ಬರೆದರು. ಕೂಲರ್ ಪಿನ್ ಇಲ್ಲ. ಅರ್ಥಿಂಗ್ ಸರಿ ಇಲ್ಲ. ಸ್ಲ್ಯಾಬ್ ಟೊಳ್ಳು. ಗೋಡೆಗೆ ಬಿರುಕು. ಕೆಳಗೆ ತಾರೀಕು, ಸಹಿ.

ಹಿಂದೆ ಎಷ್ಟೋ ಸಲ ಬಾಯಿಮಾತಿನಲ್ಲಿ ಹೇಳಿದ್ದರು. ಮಾಲಕರು "ನೋಡೋಣ" ಅಂದಿದ್ದರು. ಈ ಸಲ ಅಕ್ಕ ಚೀಟಿಯನ್ನು ಅವರ ಮುಂದೆ ಓದಿದರು. ಒಂದು ಪ್ರತಿ ಅವರಿಗೆ ಕೊಟ್ಟರು, ಒಂದು ಇಟ್ಟುಕೊಂಡರು. ಮೂರು ದಿನದಲ್ಲಿ ಅರ್ಥಿಂಗ್ ರಿಪೇರಿ ಆಯಿತು. ಹೊಸ ಪಿನ್ ಬಂತು. ಸ್ಲ್ಯಾಬಿನ ಕೆಲಸಕ್ಕೆ ಅಕ್ಕ ಮತ್ತೆರಡು ಸಲ ಹೋಗಬೇಕಾಯಿತು.

ಮೊದಲ ಮಳೆಗೆ ಕಾಗದ ಹರಿಯಿತು. ಅಕ್ಕ ಗೌಂಡಿಯನ್ನು ಕರೆಸಿದರು. ಮಾಳಿಗೆಯ ನೀರು ಕೊಳವೆಯಿಂದ ನೇರ ಬುನಾದಿಗೆ ಬೀಳುತ್ತಿತ್ತು. ಗೌಂಡಿ ಕೊಳವೆಯನ್ನು ದೂರಕ್ಕೆ ತಿರುಗಿಸಿದರು. ಅಕ್ಕ ಹೊಸ ಪಟ್ಟಿ ಅಂಟಿಸಿ, ಹೊಸ ತಾರೀಕು ಬರೆದಿದ್ದಾರೆ. ದಿನಾ ನೋಡುತ್ತಾರೆ.

ನೆನಪಿಡಿ

1. ಸ್ವಿಚ್ ಬಂದ್ ಮಾಡಿ, ಪಿನ್ ತೆಗೆದು, ಆಮೇಲೆ ಕೂಲರಿಗೆ ನೀರು ಹಾಕಿ.
2. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.
3. ಫ್ಯೂಸಿಗೆ ದಪ್ಪ ತಂತಿ ಹಾಕಬೇಡಿ. ಮನೆಯ ವೈರ್ ಸುಡುತ್ತದೆ.
4. ಟೆಸ್ಟರ್ ಹತ್ತಲಿಲ್ಲ ಎಂದು ಕರೆಂಟ್ ಇಲ್ಲವೆಂದು ನಂಬಬೇಡಿ. ವೈರ್ ಕೆಲಸ ವೈರ್‌ಮನ್ನರೇ ಮಾಡಲಿ.
5. ಬೀದಿಯಲ್ಲಿ ವೈರ್ ಹರಿದು ಬಿದ್ದರೆ ಹತ್ತಿರ ಹೋಗಬೇಡಿ. ಜೆಸ್ಕಾಂಗೆ ಫೋನ್ ಮಾಡಿ: 1912.

ಬರೆಯಿರಿ

1. ಹಸಿರು ವೈರಿನ ಕೆಲಸ ಏನು?
2. ಬಿರುಕಿನ ಮೇಲೆ ಕಾಗದ ಯಾಕೆ ಅಂಟಿಸಬೇಕು?
3. ನಿಮ್ಮ ಮನೆಯನ್ನು ಇವತ್ತೇ ಸುತ್ತಿ ನೋಡಿ. ಕಂಡ ತಪ್ಪುಗಳನ್ನು ಬರೆಯಿರಿ. ಕೆಳಗೆ ತಾರೀಕು, ಸಹಿ ಹಾಕಿ.