ಕೌಂಟರಿನ ಆಚೆ ನಿಂತ ಕಥೆ

ಪ್ರಶ್ನೆ: ದಾವಣಗೆರೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಹೈಸ್ಕೂಲಿನಿಂದಲೂ ಕಥೆ ಬರೆಯುವ ಹುಚ್ಚು. ಪತ್ರಿಕೆಗಳಿಗೆ ಕಳಿಸಿದರೆ ಉತ್ತರವೇ ಇಲ್ಲ. ಗೆಳತಿಯರು ಮಾತ್ರ ‘ಚೆನ್ನಾಗಿದೆ ಕಣೇ’ ಅನ್ನುತ್ತಾರೆ. ಒಂದು ಕಥೆ ಜೊತೆಗಿಟ್ಟಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ ಸರ್? ಮುಲಾಜಿಲ್ಲದೆ ಹೇಳಿ.
– ಓದುಗಿ, ದಾವಣಗೆರೆ

ಉತ್ತರ: ಕಥೆ ಓದಿದೆ. ಮಡಿಕೇರಿಯ ಎಸ್ಟೇಟ್ ಬಂಗಲೆ, ಹೊರಗೆ ಮಂಜು, ಕಿಟಕಿಯ ಬಳಿ ಕೂತು ಹಳೆಯ ಪ್ರೇಮವನ್ನು ನೆನೆಯುವ ಕವಿ. ವಾಕ್ಯಗಳು ಶುದ್ಧವಾಗಿವೆ. ಆದರೆ ಆ ಬಂಗಲೆಯಲ್ಲಿ ಅಡುಗೆ ಮಾಡುವವರು ಯಾರು, ಕವಿಯ ಸಂಸಾರ ಯಾವ ದುಡ್ಡಿನಲ್ಲಿ ನಡೆಯುತ್ತದೆ ಎಂಬುದು ನಿಮಗೇ ಗೊತ್ತಿಲ್ಲ. ಓದುವವರಿಗೆ ಇದು ಮೊದಲ ಪುಟದಲ್ಲೇ ತಿಳಿದುಹೋಗುತ್ತದೆ.

ಪತ್ರದ ಕೊನೆಗೆ, ಚಿನ್ನದ ಸಾಲದ ಕೌಂಟರಿಗೆ ಹಾಕಿದ ಮೇಲೆ ಬರೆಯಲು ಪುರುಸೊತ್ತೇ ಇಲ್ಲವೆಂದು ಗೊಣಗಿದ್ದೀರಲ್ಲ, ನನಗೆ ಕುತೂಹಲ ಹುಟ್ಟಿದ್ದು ಅಲ್ಲಿ. ಅಕ್ಕಸಾಲಿ ಬಳೆಯನ್ನು ಒರೆಗಲ್ಲಿಗೆ ಉಜ್ಜುವಾಗ ಆ ಹೆಂಗಸು ಎತ್ತ ನೋಡುತ್ತಾಳೆ? ಹರಳಿನ ತೂಕ ಕಳೆದು ಚಿನ್ನ ಇಷ್ಟೇ ಎಂದಾಗ ಪಕ್ಕದಲ್ಲಿ ನಿಂತ ಗಂಡ ಏನನ್ನುತ್ತಾನೆ? ತಾಳಿ ಕೊಡಲು ಬಂದವಳು ಅರಿಶಿನದ ದಾರವನ್ನು ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದಳೋ, ಮೆಟ್ಟಿಲ ಬಳಿ ನಿಂತು ಕಟ್ಟಿಕೊಂಡಳೋ? ಹರಾಜಿನ ನೋಟಿಸು ಮನೆಗೆ ಹೋದಾಗ ಅದನ್ನು ಬಿಡಿಸಿದ್ದು ಸಾಲದ ಸುದ್ದಿಯೇ ಗೊತ್ತಿಲ್ಲದ ಅತ್ತೆಯೋ? ಹೊರಗಿನವನಾದ ನಾನು ಪ್ರಶ್ನೆ ಕೇಳಬಲ್ಲೆ, ಅಷ್ಟೆ. ಉತ್ತರ ದಿನವೂ ನಿಮ್ಮೆದುರು ಟೋಕನ್ ಹಿಡಿದು ನಿಂತಿರುತ್ತದೆ.

ನಮ್ಮ ಕಥೆಗಳಲ್ಲಿ ಜನ ಅಳುತ್ತಾರೆ, ಪ್ರೀತಿಸುತ್ತಾರೆ, ಸಾಯುತ್ತಾರೆ. ಕೆಲಸ ಮಾಡುವುದು ಮಾತ್ರ ಅಪರೂಪ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ದುಡಿದವರು. 1979ರ ‘ಶಿಕಾರಿ’ ಎಂಥ ದೊಡ್ಡ ತಾತ್ವಿಕ ಪ್ರಶ್ನೆಯನ್ನೇ ಎತ್ತಲಿ, ನಾಗಪ್ಪನ ದಿಗಿಲು ಹುಟ್ಟುವುದು ಆಫೀಸಿನ ಪಿತೂರಿಯಲ್ಲಿ, ಬಡ್ತಿ ಮತ್ತು ಅಮಾನತಿನ ನಡುವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ, ಆಮೇಲೆ ಆ ಮನೆಯಲ್ಲಿ ಯಾರು ಯಾರಿಗೆ ಎಷ್ಟು ದನಿ ಏರಿಸಬಹುದು ಎಂಬುದೂ ಬದಲಾಗುತ್ತದೆ. ದುಡ್ಡು ಬರುವ ದಾರಿಯನ್ನು ಬಿಟ್ಟು ಆ ಕಥೆ ಹೇಳಿ ನೋಡಿ, ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಕಥೆ ನಿಜವಾಗಿ ಶುರುವಾಗುವುದು ಮೂರನೆಯ ಪುಟದಲ್ಲಿ, ಕಾಗದ ಬಂದಾಗ. ಅದಕ್ಕೂ ಮುಂಚಿನ ಸೂರ್ಯೋದಯ, ಕಾಫಿಯ ಹಬೆ, ಬಾಲ್ಯದ ನೆನಪು ಎಲ್ಲ ನಿಮಗೆ ಕೈ ಪಳಗಲು ಬೇಕಿತ್ತು, ಬರೆದಿರಿ. ಕಳಿಸುವ ಮೊದಲು ಹೊಡೆದುಹಾಕಬೇಕಿತ್ತು.

ಪ್ರಶ್ನೆ: ನಮ್ಮದು ಕಲಬುರಗಿ ಹತ್ತಿರದ ಹಳ್ಳಿ. ಮನೆಯಲ್ಲಿ ಆಡುವ ಮಾತಿನಲ್ಲೇ ಕಥೆ ಬರೆದೆ. ನಮ್ಮ ಸರ್ ‘ಶಿಷ್ಟ ಭಾಷೆಯಲ್ಲಿ ಬರಿ, ಇಲ್ಲದಿದ್ದರೆ ಮೈಸೂರಿನವರಿಗೆ ತಿಳಿಯುವುದಿಲ್ಲ’ ಎಂದರು. ಏನು ಮಾಡಲಿ?
– ಪದವಿ ವಿದ್ಯಾರ್ಥಿ

ಉತ್ತರ: ಪರೀಕ್ಷೆಯ ಪ್ರಬಂಧದ ಬಗ್ಗೆ ಹೇಳಿದ್ದರೆ ಅವರ ಮಾತು ಕೇಳಪ್ಪ. ಕಥೆಯ ಬಗ್ಗೆ ಹೇಳಿದ್ದರೆ, ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯನ್ನು ಲೈಬ್ರರಿಯಿಂದ ತಂದು ವಿನಯವಾಗಿ ಅವರ ಮೇಜಿನ ಮೇಲಿಡು. ನಿಮ್ಮ ಸೀಮೆಯ ಮಾತು ತುಂಬಿ ತುಳುಕುವ ಆ ಪುಸ್ತಕಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇವನೂರ ಮಹಾದೇವರಂತೂ 1984ರ ‘ಕುಸುಮಬಾಲೆ’ಯಲ್ಲಿ ಸಂಭಾಷಣೆಯ ಜೊತೆಗೆ ನಿರೂಪಣೆಯನ್ನೂ ನಂಜನಗೂಡು ಕಡೆಯ ಆಡುಮಾತಿಗೆ ಒಪ್ಪಿಸಿಬಿಟ್ಟರು. ಮೈಸೂರಿನ ಪಕ್ಕದ್ದೇ ಆದ ಆ ಮಾತು ಮೈಸೂರಿನವರನ್ನೇ ತಿಣುಕಾಡಿಸಿತು ಎಂಬುದನ್ನೂ ನಿಮ್ಮ ಸರ್‌ಗೆ ಹೇಳಬಹುದು.

ನೀನು ಮೊದಲು ತೀರ್ಮಾನಿಸಬೇಕಾದ್ದು, ಕಥೆ ಹೇಳುತ್ತಿರುವವರು ಯಾರು ಎಂದು. ‘ಅಪ್ಪ ಬಂದ’ ಎಂದು ಬರೆದರೆ ಒಂದು ಮನೆ, ‘ಅಪ್ಪ ಬಂದರು’ ಎಂದರೆ ಇನ್ನೊಂದು ಮನೆ. ನೀನು ಕಳಿಸಿದ ಕಥೆಯಲ್ಲಿ ಹುಡುಗ ಎರಡನೆಯ ಪುಟದಲ್ಲಿ ‘ಅವ್ವ ಅಂದ್ಲು’ ಅನ್ನುತ್ತಾನೆ, ನಾಲ್ಕನೆಯದರಲ್ಲಿ ‘ಅವ್ವ ನುಡಿದರು’ ಅನ್ನುತ್ತಾನೆ. ನಡುವೆ ನಿಮ್ಮ ಸರ್ ಬಂದು ಹೋಗಿದ್ದಾರೆ! ಹೇಳುವವನು ಆ ಹುಡುಗನೇ ಆದರೆ ಕೊನೆಯವರೆಗೂ ಅವನೇ ಹೇಳಲಿ. ದೊಡ್ಡವನಾಗಿ ಪಟ್ಟಣ ಸೇರಿದ ಮೇಲೆ ಹೇಳುತ್ತಿದ್ದಾನೆ ಎಂದರೆ ನಿರೂಪಣೆ ಶಿಷ್ಟವಾಗಿದ್ದರೂ ನಡೆಯುತ್ತದೆ. ಆಗ ಅವ್ವನ ಮಾತು ಬಂದಲ್ಲೆಲ್ಲ ಅವನು ಎಷ್ಟು ದೂರ ಹೋಗಿದ್ದಾನೆ ಎನ್ನುವುದು ತಾನಾಗಿ ಕೇಳಿಸುತ್ತದೆ.

ಒಂದು ಎಚ್ಚರಿಕೆ: ಬಾಯಿಂದ ಬಂದ ಸದ್ದನ್ನೆಲ್ಲ ಅಕ್ಷರಕ್ಕಿಳಿಸಲು ಹೋಗಬೇಡ. ‘ಹೋಗ್ಲತ್ತೀನಿ’ ಎಂಬಂಥ ಕ್ರಿಯಾಪದ ಒಂದೆರಡು ಸಿಕ್ಕಿದರೆ ಸಾಕು, ಉಳಿದದ್ದನ್ನು ಓದುವವರು ಅದೇ ಧಾಟಿಯಲ್ಲಿ ಕೇಳಿಸಿಕೊಳ್ಳುತ್ತಾರೆ.

ಪ್ರಶ್ನೆ: ಕುಂದಾಪುರ ಕಡೆಯವನು, ಬಹಳ ವರ್ಷಗಳಿಂದ ಕುವೈತಿನಲ್ಲಿದ್ದೇನೆ. ಊರಿನ ಕಥೆ ಬರೆದರೆ ಹಳತಾಗಿ ಕಾಣುತ್ತದೆ. ಇಲ್ಲಿಯದು ಕನ್ನಡದವರಿಗೆ ಬೇಕೇ?

ಉತ್ತರ: ಬೇಕು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ನಾವು ಓದಲಿಲ್ಲವೇ? ಅಲ್ಲಿನ ಎಷ್ಟೋ ಪಾತ್ರಗಳು ನಿಜದಲ್ಲಿ ಆಡಬೇಕಾದ್ದು ಹಿಂದಿ, ಮರಾಠಿ. ಕನ್ನಡದಲ್ಲಿ ಮಾತಾಡಿದರೂ ಅವರು ಮುಂಬಯಿಯವರಾಗಿಯೇ ಉಳಿಯುತ್ತಾರೆ. ಹೇಗೆ ಎಂದು ಪೆನ್ಸಿಲ್ ಹಿಡಿದು ಓದಿ. ನಿಮ್ಮ ರೂಮಿನ ಮಲಯಾಳಿ, ಬಂಗಾಳಿ ಗೆಳೆಯರನ್ನು ಬರೆಯುವ ಉಪಾಯ ಅಲ್ಲಿದೆ. ಇನ್ನು ಊರಿನ ಕಥೆ ದೂರದಿಂದ ಆಗದು ಎಂದೇನೂ ಇಲ್ಲ. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು.

ಪ್ರಶ್ನೆ: ದಿನಾ ಬರೆಯಲೇಬೇಕೇ? ಮೂರು ವರ್ಷದಲ್ಲಿ ನನ್ನಿಂದ ಆದದ್ದು ನಾಲ್ಕೇ ಕಥೆ.
– ವಕೀಲರು, ತುಮಕೂರು

ಉತ್ತರ: ನಿಮ್ಮದೇ ವೃತ್ತಿಯ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿಯವರ ಅನುವಾದದಲ್ಲಿ. ಅದರಲ್ಲಿರುವುದು 12 ಕಥೆ, ಮೂರು ದಶಕಗಳಿಗೂ ಮಿಕ್ಕಿದ ಬರವಣಿಗೆಯಿಂದ ಆಯ್ದವು. ದಿನಾ ಬರೆಯುವುದಕ್ಕಿಂತ, ಬರೆದದ್ದನ್ನು ತಿಂಗಳು ಬಿಟ್ಟು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುವುದು ಹೆಚ್ಚು ಫಲ ಕೊಡುತ್ತದೆ. ನಿಮ್ಮ ನಾಲಿಗೆ ತಡವರಿಸಿದ ಕಡೆ, ಕೇಳುವವರು ಮೊಬೈಲ್ ಮುಟ್ಟಿದ ಕಡೆ ಗುರುತು ಹಾಕಿಕೊಳ್ಳಿ. ಹಾಗೇ, ನಾಲ್ಕರಲ್ಲಿ ಮೂರು ಕಥೆ ಆತ್ಮಹತ್ಯೆಯಲ್ಲಿ ಮುಗಿದಿವೆ. ಮುಂದಿನದರಲ್ಲಿ ಒಬ್ಬರನ್ನಾದರೂ ಬದುಕಿಸಿ, ಮರುದಿನ ಅವರು ಎದ್ದು ಏನು ಮಾಡುತ್ತಾರೆ ಬರೆದು ನೋಡಿ. ಕಷ್ಟದ ಕೆಲಸ ಅದು.

ಪ್ರಶ್ನೆ: ದೀಪಾವಳಿ ಕಥಾಸ್ಪರ್ಧೆಗೆ ಕಳಿಸುವಾಗ ನುಡಿಯೋ ಯುನಿಕೋಡೋ?

ಉತ್ತರ: ಆಯಾ ಪತ್ರಿಕೆಯ ಪ್ರಕಟಣೆಯಲ್ಲಿ ಕೇಳಿದಂತೆ. ಹಳೆಯ ನುಡಿ ಫಾಂಟಿನಿಂದ ಪರಿವರ್ತಿಸಿದ್ದರೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಿ. ಪದಮಿತಿ ಮೀರಬೇಡಿ. ಕಥೆಯ ಆಶಯ ವಿವರಿಸುವ ಪತ್ರವನ್ನು ಲಗತ್ತಿಸಲೇಬೇಡಿ.