ನೊರೆ ರಾಶಿ ಬಂದರೆ ಶೇವಿಂಗ್ ಸಾಬೂನು ಒಳ್ಳೆಯದೇ?

ಪ್ರಶ್ನೆ: ನಮ್ಮ ನೆಂಟರೊಬ್ಬರು ತಮ್ಮ ತೋಟದ ತೆಂಗಿನೆಣ್ಣೆಯಿಂದ ಮನೆಯಲ್ಲೇ ಶೇವಿಂಗ್ ಸಾಬೂನು ಮಾಡುತ್ತಾರೆ. ಶ್ರೀಗಂಧದ ಪರಿಮಳ ಚೆನ್ನಾಗಿದೆ, ನೊರೆಯೂ ರಾಶಿ ಬರುತ್ತದೆ. ಆದರೆ ಶೇವ್ ಮಾಡಿ ಮುಖ ತೊಳೆದ ಮೇಲೆ ಕೆನ್ನೆ ಬಿಗಿಯುತ್ತದೆ, ಕೆಲವೊಮ್ಮೆ ಉರಿಯುತ್ತದೆ. ಕೈಯಲ್ಲಿ ಮಾಡಿದ ಇಂಥ ಸಾಬೂನು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ರಾಮಕುಂಜ

ಉತ್ತರ: ಕೆನ್ನೆ ಬಿಗಿಯುವುದಕ್ಕೆ ಕಾರಣ ಬಹುಮಟ್ಟಿಗೆ ನಿಮ್ಮ ಪ್ರಶ್ನೆಯಲ್ಲೇ ಇದೆ: ತೆಂಗಿನೆಣ್ಣೆ. ಎಣ್ಣೆಯಲ್ಲಿ ದೋಷವಿಲ್ಲ, ಅದನ್ನು ಒಂಟಿಯಾಗಿ ಈ ಕೆಲಸಕ್ಕೆ ಹಚ್ಚಿದ್ದರಲ್ಲಿ ದೋಷವಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವುದು ಲಾರಿಕ್ ಆಮ್ಲ. ಅದು ಸಾಬೂನಾದಾಗ ನೀರಿನಲ್ಲಿ ಬೇಗ ಕರಗುತ್ತದೆ, ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ. ಹಡಗಿನವರು ಸಮುದ್ರದ ನೀರಿನಲ್ಲಿ ಮೀಯಲು ತೆಂಗಿನೆಣ್ಣೆಯ ಸಾಬೂನನ್ನೇ ಹುಡುಕುತ್ತಿದ್ದದ್ದು ಅದಕ್ಕಾಗಿ. ಆದರೆ ಹಾಗೆ ಬಂದ ನೊರೆಯ ಗುಳ್ಳೆ ದೊಡ್ಡದು, ಬೇಗ ಒಡೆಯುತ್ತದೆ. ಕೊಳೆ ಬಿಡಿಸುವ ಅದೇ ಚುರುಕಿನಲ್ಲಿ ಚರ್ಮದ ಎಣ್ಣೆಯಂಶವನ್ನೂ ತೊಳೆದು ಹಾಕುತ್ತದೆ. ತೋಟದ ಕೆಲಸ ಮುಗಿಸಿ ಬಂದವರ ಮೈಕೈಗೆ ಅದು ಒಳ್ಳೆಯ ಸಾಬೂನು. ಬ್ಲೇಡು ಓಡಾಡುವ ಕೆನ್ನೆಗೆ ಅಲ್ಲ.

ಶೇವಿಂಗಿನಲ್ಲಿ ನೊರೆಗಿರುವ ಕೆಲಸ ಎರಡು. ಕೂದಲಿನ ಬುಡದಲ್ಲಿ ನೀರನ್ನು ಹಿಡಿದಿಟ್ಟು ಅದನ್ನು ಮೆತ್ತಗಾಗಿಸುವುದು ಒಂದು, ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ಪದರವಾಗಿ ನಿಲ್ಲುವುದು ಇನ್ನೊಂದು. ಕೊಳೆ ತೆಗೆಯುವ ಹೊಣೆ ಅದಕ್ಕಿಲ್ಲ. ಹಾಗಾಗಿ ಎಷ್ಟು ನೊರೆ ಬಂತು ಎಂದು ಅಳೆಯಬೇಡಿ. ಬಂದ ನೊರೆ ಎಷ್ಟು ಹೊತ್ತು ನಿಂತಿತು, ಎಷ್ಟು ಜಾರಿತು ಎಂದು ನೋಡಿ.

ಪರೀಕ್ಷೆಗೆ ಒಂದು ಸಣ್ಣ ಬೋಗುಣಿ, ಬ್ರಶ್ಶು, ಉಗುರುಬೆಚ್ಚಗಿನ ನೀರು ಸಾಕು. ಬ್ರಶ್ಶನ್ನು ನೆನೆಸಿ, ನೀರನ್ನು ಒಮ್ಮೆ ಜಾಡಿಸಿ, ಸಾಬೂನಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಮೊದಲು ಬರುವುದು ಗಟ್ಟಿ ಲೇಪದಂಥ ಪದಾರ್ಥ. ಅದನ್ನು ಬೋಗುಣಿಗೆ ಇಳಿಸಿ, ಬೆರಳ ತುದಿಯಿಂದ ಹನಿ ಹನಿಯಾಗಿ ನೀರು ಸೇರಿಸುತ್ತ ತಿರುಗಿಸಿ. ನೀರು ಕಡಿಮೆಯಿದ್ದಾಗ ನೊರೆ ಉಬ್ಬಿಕೊಂಡು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದು ಒಣ ನೊರೆ. ಮುಖಕ್ಕೆ ಹಚ್ಚಿದರೆ ಎರಡೇ ನಿಮಿಷದಲ್ಲಿ ಅಂಚಿನಿಂದ ಒಣಗಿ ಬ್ಲೇಡಿಗೆ ಅಂಟುತ್ತದೆ. ಇನ್ನಷ್ಟು ಹನಿ ನೀರು ಕುಡಿಸಿ. ಒಳ್ಳೆಯ ಸಾಬೂನಾದರೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ನೊರೆ ಕುಗ್ಗಿ, ಕಡೆದ ಗಟ್ಟಿ ಮೊಸರಿನ ಹಾಗೆ ಹೊಳಪು ಬರುತ್ತದೆ. ಆಗ ಬೋಗುಣಿಯನ್ನು ಐದು ನಿಮಿಷ ಹಾಗೇ ಇಡಿ. ಮೇಲ್ಭಾಗ ತೂತುತೂತಾಗಿ ತಳದಲ್ಲಿ ನೀರು ನಿಂತರೆ ಆ ಸಾಬೂನಿಗೆ ಹಿಡಿತವಿಲ್ಲ ಎಂದರ್ಥ. ನಿಮ್ಮ ನೆಂಟರ ಸಾಬೂನು ಇಲ್ಲೇ ಸೋಲುತ್ತದೆ ಎಂದು ನನ್ನ ಅಂದಾಜು.

ಇನ್ನೊಂದು ಪರೀಕ್ಷೆ ಮುಖದ ಮೇಲೆಯೇ ಆಗಬೇಕು. ಕೆನ್ನೆಯ ಮೇಲಿಂದ ರೇಜರ್ ಒಮ್ಮೆ ಇಳಿದ ಜಾಗದಲ್ಲಿ ಒದ್ದೆ ಬೆರಳು ಆಡಿಸಿ ನೋಡಿ. ನೊರೆ ಹೋದ ಮೇಲೂ ಅಲ್ಲಿ ಜಾರುವ ಗುಣ ಉಳಿದಿರಬೇಕು. ಬೆರಳು ತಡೆದು ನಿಂತರೆ ಬ್ಲೇಡೂ ಅಲ್ಲಿ ತಡೆಯುತ್ತದೆ. ಸಾಬೂನಿನ ಯೋಗ್ಯತೆಯನ್ನು ಒಂದೇ ಪರೀಕ್ಷೆಯಲ್ಲಿ ತೀರ್ಮಾನಿಸಬೇಕಾಗಿ ಬಂದರೆ ನಾನು ಇದನ್ನೇ ಆರಿಸುವೆ.

ಸಾಬೂನನ್ನು ದೂರುವ ಮೊದಲು ನೀರನ್ನೂ ವಿಚಾರಿಸಿ. ನಿಮ್ಮ ಕಡೆಯ ಮುರಕಲ್ಲಿನ ಬಾವಿ, ಸುರಂಗದ ನೀರು ಸಾಮಾನ್ಯವಾಗಿ ಮೆದು, ನೊರೆ ಸುಲಭವಾಗಿ ಏಳುತ್ತದೆ. ಆಳದ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಸಾಬೂನು ಅದರೊಂದಿಗೆ ಸೇರಿ ಬಿಳಿ ಗಷ್ಟಾಗುತ್ತದೆ, ನೊರೆ ಏಳುವುದಿಲ್ಲ, ಆ ಗಷ್ಟು ಚರ್ಮದ ಮೇಲೂ ಕೂರುತ್ತದೆ. ಅನುಮಾನವಿದ್ದರೆ ಮಳೆನೀರಿನಲ್ಲಿ, ಇಲ್ಲವೇ ಕುದಿಸಿ ಆರಿಸಿದ ನೀರಿನಲ್ಲಿ ಅದೇ ಸಾಬೂನನ್ನು ಇನ್ನೊಮ್ಮೆ ಪರೀಕ್ಷಿಸಿ.

ನಿಲ್ಲುವ ನೊರೆ ಬರುವುದು ಸ್ಟಿಯರಿಕ್ ಆಮ್ಲ ಹೆಚ್ಚಿರುವ ಗಟ್ಟಿ ಕೊಬ್ಬಿನಿಂದ. ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಇದಕ್ಕೆ ಬರವಿಲ್ಲ, ನಾವು ಗಮನಿಸುವುದಿಲ್ಲ ಅಷ್ಟೆ. ಪುನರ್ಪುಳಿಯ ಸಿಪ್ಪೆಯನ್ನು ಶರಬತ್ತಿಗೆ, ಸಾರಿಗೆ ಒಣಗಿಸಿ ಇಟ್ಟುಕೊಂಡು ಬೀಜವನ್ನು ತೆಂಗಿನ ಬುಡಕ್ಕೆ ಎಸೆಯುತ್ತೇವೆ. ಆ ಬೀಜದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವೇ ಇದೆ. ಉತ್ತರ ಕನ್ನಡದವರು ಮುರುಗಲ ತುಪ್ಪವೆಂದು ಒಡೆದ ಹಿಮ್ಮಡಿಗೆ ಹಚ್ಚುವುದು ಇದನ್ನೇ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುತ್ತದೆ, ಆರಿದಾಗ ಬಿಳಿ ಗಟ್ಟಿಯಾಗುತ್ತದೆ. ಅಡಿಕೆ ತೋಟದ ನಡುವೆ ಬೆಳೆಯುವ ಕೊಕ್ಕೋದ ಬೆಣ್ಣೆಯಲ್ಲೂ ಮೂರನೇ ಒಂದು ಪಾಲಿನಷ್ಟು ಸ್ಟಿಯರಿಕ್ ಇದೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಇರುವಾಗ ಕೊಕ್ಕೋ ನಿಮಗೆ ಹೊಸದಲ್ಲ. ರಸ್ತೆ ಬದಿಯ ಸಾಲುಧೂಪದ ಬೀಜದ ಕೊಬ್ಬೂ ಹಿಂದಿನಿಂದ ಸಾಬೂನಿಗೆ, ಮೇಣದಬತ್ತಿಗೆ ಹೋದದ್ದೇ.

ತೆಂಗಿನೆಣ್ಣೆಯನ್ನು ಕಾಲು ಭಾಗಕ್ಕೆ ಇಳಿಸಿ, ಅರ್ಧದಷ್ಟು ಇಂಥ ಗಟ್ಟಿ ಕೊಬ್ಬು, ಸ್ವಲ್ಪ ಹರಳೆಣ್ಣೆ ಸೇರಿಸಿದರೆ ಸಾಬೂನಿನ ಸ್ವಭಾವವೇ ಬದಲಾಗುತ್ತದೆ. ಬರೀ ಕಾಸ್ಟಿಕ್ ಸೋಡಾದ ಬದಲು ಒಂದು ಪಾಲು ಕಾಸ್ಟಿಕ್ ಪೊಟ್ಯಾಶ್ ಹಾಕಿದರೆ ಸಾಬೂನು ಮೆದುವಾಗಿ ಬ್ರಶ್ಶಿಗೆ ಬೇಗ ಹತ್ತುತ್ತದೆ. ಇಂಥ ಮಿಶ್ರಣ ಬೇಗ ಗಟ್ಟಿಯಾಗುವುದರಿಂದ ಬಿಸಿಯಲ್ಲೇ ಮಾಡುವ ಕ್ರಮ ಅನುಕೂಲ.

ಒಂದು ಮಾತನ್ನು ನಿಮ್ಮ ನೆಂಟರಿಗೆ ತಪ್ಪದೆ ಹೇಳಿ. ಎಣ್ಣೆ ಬದಲಿಸಿದಾಗ ಕ್ಷಾರದ ಲೆಕ್ಕವನ್ನೂ ಬದಲಿಸಲೇಬೇಕು. ಒಂದು ಕಿಲೋ ತೆಂಗಿನೆಣ್ಣೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಹಿಡಿಯುತ್ತದೆ, ಒಂದು ಕಿಲೋ ಪುನರ್ಪುಳಿ ತುಪ್ಪ ಸುಮಾರು 135 ಗ್ರಾಂ ಮಾತ್ರ. ಹಳೆಯ ಅಳತೆಯಲ್ಲೇ ಹೊಸ ಕೊಬ್ಬು ಹಾಕಿದರೆ ಮಿಕ್ಕ ಕ್ಷಾರ ಮುಖ ಸುಡುತ್ತದೆ. ಪೊಟ್ಯಾಶ್ ಸೇರಿಸಿದಲ್ಲಿ ತೂಕ ಬೇರೆಯೇ ಆಗುತ್ತದೆ: ಒಂದು ಗ್ರಾಂ ಸೋಡಾದ ಕೆಲಸಕ್ಕೆ 1.4 ಗ್ರಾಂ ಪೊಟ್ಯಾಶ್ ಬೇಕು.

ಇನ್ನು ಉರಿ. ಇಲ್ಲಿ ಎರಡು ಬಗೆಯ ಉರಿಯನ್ನು ಬಿಡಿಸಿ ನೋಡುವುದು ಬಹಳ ಮುಖ್ಯ. ನೊರೆ ಹಚ್ಚಿ, ರೇಜರ್ ಮುಟ್ಟಿಸದೆ ಎರಡು ನಿಮಿಷ ಸುಮ್ಮನಿರಿ. ಆಗಲೇ ಚುರುಗುಟ್ಟಿದರೆ ತಪ್ಪು ಸಾಬೂನಿನದು, ಮಿಕ್ಕ ಕ್ಷಾರವೋ ಪರಿಮಳದ ಎಣ್ಣೆಯೋ ಕಾರಣ. ಆಗ ಸುಮ್ಮನಿದ್ದು ಶೇವ್ ಆದ ಮೇಲೆ ಮಾತ್ರ ಉರಿದರೆ ಮೊಂಡು ಬ್ಲೇಡು, ಒತ್ತಿ ಎಳೆಯುವ ಕೈ, ಅಥವಾ ಜಾರದ ನೊರೆ. ಪಟಿಕವನ್ನು ಒದ್ದೆ ಮಾಡಿ ಸವರಿದರೆ ಎಲ್ಲೆಲ್ಲಿ ತರಚಿದೆ ಎಂದು ಅದೇ ಹೇಳುತ್ತದೆ. ಆದರೆ ಸಾಬೂನನ್ನು ಪರೀಕ್ಷಿಸುವ ದಿನ ಪಟಿಕ, ಲೋಷನ್, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಬರೀ ನೀರಿನಲ್ಲಿ ಮುಖ ತೊಳೆದು, ಒರೆಸಿ, ಒಂದು ಗಂಟೆ ಬಿಟ್ಟು ಬಾಯಿ ಅಗಲಿಸಿ ನೋಡಿ. ತುಟಿಯ ಪಕ್ಕ, ಗಲ್ಲದ ಮೇಲೆ ಚರ್ಮ ಎಳೆದಂತಾದರೆ ಸಾಬೂನು ಎಣ್ಣೆಯಂಶವನ್ನು ಮಿತಿಮೀರಿ ತೆಗೆದಿದೆ.

ಹದವಾಗಿ ಮಾಡಿದ ಸಾಬೂನೂ ಕ್ಷಾರವೇ. ಅದರ ಪಿಎಚ್ 9–10ರ ಆಸುಪಾಸು, ಚರ್ಮದ್ದು ಸುಮಾರು 5. ಆದ್ದರಿಂದ ಕೈಯಲ್ಲಿ ಮಾಡಿದ್ದು ಎಂಬ ಕಾರಣಕ್ಕೇ ಅದು ಚರ್ಮಕ್ಕೆ ಹಿತ ಎಂದು ನಂಬಬೇಡಿ. ಪಿಎಚ್ ಕಾಗದ ಸಿಕ್ಕರೆ ನೊರೆಗೆ ಅದ್ದಿ ನೋಡಿ. 11 ದಾಟಿದರೆ ಆ ಸಾಬೂನು ಮುಖಕ್ಕೆ ಬೇಡ. ತಣ್ಣನೆಯ ಕ್ರಮದಲ್ಲಿ ಮಾಡಿದ ಸಾಬೂನು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು. ನಿಮ್ಮಲ್ಲಿನ ಆಟಿ ತಿಂಗಳ ಥಂಡಿಯಲ್ಲಿ ಇನ್ನೂ ನಿಧಾನ. ಮಳೆಗಾಲದಲ್ಲಿ ಸಾಬೂನಿನ ಮೇಲೆ ಬೆವರಿನಂತೆ ಹನಿ ಕೂತರೆ ಹೆದರಬೇಡಿ, ಒಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡದ್ದು ಅದು. ಕಿತ್ತಳೆ ಬಣ್ಣದ ಚುಕ್ಕೆ, ಕಮಟು ವಾಸನೆ ಬಂದರೆ ಮಾತ್ರ ಎಣ್ಣೆ ಕೆಟ್ಟಿದೆ.

ಪರಿಮಳವನ್ನು ನಾನು ಕೊನೆಗೆ ಇಟ್ಟದ್ದು ಬೇಕೆಂದೇ. ಕೊಳ್ಳುವಾಗ ಅದೇ ಮೊದಲು ಸೆಳೆಯುತ್ತದೆ, ಬಳಸುವಾಗ ಅದರ ಪಾತ್ರ ಸಣ್ಣದು. ಮೂರು ಹಂತದಲ್ಲಿ ಮೂಸಿ: ಒಣ ಸಾಬೂನು, ಬಿಸಿನೀರಿನ ನೊರೆ, ಗಂಟೆ ಕಳೆದ ಕೆನ್ನೆ. ನೊರೆ ಮೂಗಿನ ಕೆಳಗೇ ಇರುವುದರಿಂದ ಸ್ನಾನದ ಸಾಬೂನಿನಲ್ಲಿ ಹಿತವೆನಿಸಿದ ಘಾಟು ಇಲ್ಲಿ ತಲೆನೋವು ತರಬಹುದು. ನಿಂಬೆ, ಕಿತ್ತಳೆಯ ಪರಿಮಳ ಬೇಗ ಹಾರಿಹೋಗುತ್ತದೆ. ದಾಲ್ಚಿನ್ನಿ ಎಣ್ಣೆ ಆಗಷ್ಟೇ ಶೇವ್ ಆದ ಚರ್ಮಕ್ಕೆ ಉರಿ. ಗಂಧದೆಣ್ಣೆಯ ಸ್ಯಾಂಟಲಾಲ್ ಸುಲಭವಾಗಿ ಆವಿಯಾಗುವುದಿಲ್ಲ, ಕ್ಷಾರಕ್ಕೂ ಜಗ್ಗುವುದಿಲ್ಲ. ಮೈಸೂರಿನ ಅರಸರ ಕಾಲದಲ್ಲಿ, ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆದು ಸಾಬೂನಿಗೆ ಹಾಕುವ ಯೋಚನೆ ಗೆದ್ದದ್ದರಲ್ಲಿ ಈ ಗುಣದ ಪಾಲೂ ಇದೆ.

ಆದರೆ ನಿಜವಾದ ಗಂಧದೆಣ್ಣೆಯ ಬೆಲೆ ಇಂದು ಕಿಲೋಗೆ ಲಕ್ಷ ರೂಪಾಯಿಗೂ ಮೇಲೆ. ಒಂದು ಕಿಲೋ ಸಾಬೂನಿಗೆ 20 ಗ್ರಾಂ ಹಾಕಿದರೂ ಬರೀ ಪರಿಮಳಕ್ಕೇ ಎರಡು ಸಾವಿರಕ್ಕಿಂತ ಹೆಚ್ಚು ಖರ್ಚು. ನಿಮ್ಮ ನೆಂಟರು ಯಾವ ಎಣ್ಣೆ ಹಾಕುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ದೇವಸ್ಥಾನದಲ್ಲಿ ಕೊಡುವ ತೇದ ಗಂಧದ ವಾಸನೆ ನಿಮಗೆ ಗೊತ್ತಿರುತ್ತದೆ: ಮೆಲ್ಲಗೆ ಬರುತ್ತದೆ, ಹೊತ್ತು ನಿಲ್ಲುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ಕೋಣೆ ತುಂಬುವ ಗಂಧವನ್ನು ಅನುಮಾನಿಸಿ. ಕೃತಕ ಪರಿಮಳ ಹಾಕುವುದು ಅಪರಾಧವಲ್ಲ, ಆದರೆ ಕೆಂಪಾಗಿ ತುರಿಸುವ ಚರ್ಮದವರಿಗೆ ಅದರ ಹೆಸರು ತಿಳಿದಿರಬೇಕು. ಅಂಥವರು ಮೊದಲು ಮೊಣಕೈ ಒಳಭಾಗಕ್ಕೆ ನೊರೆ ಹಚ್ಚಿ, ಕೆಲವು ನಿಮಿಷದಲ್ಲಿ ತೊಳೆದು, ಹೀಗೇ ಕೆಲವು ದಿನ ನೋಡಲಿ.

ನನ್ನ ತೀರ್ಪು ಇಷ್ಟು. ಪರಿಮಳಕ್ಕೆ ಪಾಸು, ನೊರೆಯ ಪ್ರಮಾಣಕ್ಕೆ ಅಂಕವಿಲ್ಲ, ಚರ್ಮದ ಹಿತಕ್ಕೆ ನಪಾಸು. ರೇಜರ್ ಮುಟ್ಟುವ ಮೊದಲೇ ಉರಿಯುತ್ತಿದ್ದರೆ ಈ ಸಾಬೂನನ್ನು ಇಂದೇ ನಿಲ್ಲಿಸಿ. ಬರೀ ಬಿಗಿತವಾದರೆ ಸ್ನಾನಕ್ಕೆ ಬಳಸಿ ಮುಗಿಸಿ. ನೆಂಟರಿಗೆ ಮಾತ್ರ, ಬರುವ ಬೇಸಗೆಯಲ್ಲಿ ಪುನರ್ಪುಳಿ ಹಣ್ಣಾದಾಗ ಬೀಜ ಎಸೆಯದೆ ಒಣಗಿಸಿ ಇಡಲು ಹೇಳಿ.