“ನಮ್ಮ ಎಮ್ಮಿ ಯಾವಾಗ ಬಿಚ್ಚಬೇಕ್ರಿ?”: ಪ್ರವಾಹ ಸಿದ್ಧತೆಯ ಪಾಠದ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಚಿಕ್ಕೋಡಿ ತಾಲ್ಲೂಕಿನ ನದಿದಂಡೆಯ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಒಂಬತ್ತನೆಯ ತರಗತಿಗೆ ‘ಪ್ರವಾಹ: ಅಳತೆ ಮತ್ತು ಸಿದ್ಧತೆ’ ಎಂಬ ಪಾಠವನ್ನು ಎರಡು ಅವಧಿಗೆ ಯೋಜಿಸಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆಯಲ್ಲಿ 2005, 2019 ಮತ್ತು 2021ರ ಪ್ರವಾಹಗಳನ್ನು ಮರೆತವರಿಲ್ಲ. ಹಾಗಾಗಿ ಪಾಠ ಸುಲಭವಾಗಿ ಸಾಗುತ್ತದೆ ಎಂದುಕೊಂಡಿದ್ದೆ. ಆದರೆ ಮೊದಲ ಅವಧಿಯಲ್ಲೇ ನನ್ನ ಯೋಜನೆಯ ಕೊರತೆ ಗೊತ್ತಾಯಿತು. ಅದನ್ನೂ, ತಿದ್ದಿಕೊಂಡ ಬಗೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಉದ್ದೇಶಗಳು

1. ಕ್ಯುಸೆಕ್ ಮತ್ತು ಟಿಎಂಸಿ ಮಾನಗಳನ್ನು ಅರ್ಥೈಸಿಕೊಂಡು ಲೆಕ್ಕ ಮಾಡುವುದು.
2. ಹರಿಯುವ ನೀರಿನ ಬಲವನ್ನು ವಿವರಿಸುವುದು.
3. ತನ್ನ ಮನೆಗೆ ಹೊಂದುವ ಸಿದ್ಧತಾ ಯೋಜನೆ ತಯಾರಿಸುವುದು.

ಮೊದಲ ಅವಧಿ

ತೊಡಗಿಸಿಕೊಳ್ಳುವ ಹಂತದಲ್ಲಿ ಭೂಪಟದಲ್ಲಿ ಮಾಲ್ಡೀವ್ಸ್ ತೋರಿಸಿದೆ. ಆ ದ್ವೀಪಗಳ ನೆಲ ಸಮುದ್ರಮಟ್ಟದಿಂದ ಸರಾಸರಿ ಸುಮಾರು 1.5 ಮೀಟರ್ ಮಾತ್ರ ಎತ್ತರ; 2004ರ ಸುನಾಮಿ ಬಂದಾಗ ಏರಿ ನಿಲ್ಲಲು ಅಲ್ಲಿ ಒಂದು ಗುಡ್ಡವೂ ಇರಲಿಲ್ಲ ಎಂದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: “ನಮ್ಮ ತ್ವಾಟದ ಮನಿನೂ 2019ರಾಗ ನಡುಗಡ್ಡಿ ಆಗಿತ್ರಿ, ಟೀಚರ್. ನಾವು ಬೋಟಿನ್ಯಾಗ ಬಂದ್ವಿ. ಅಪ್ಪ ಮಾತ್ರ ಎಮ್ಮಿ ಬಿಟ್ಟ ಬರಲಿಲ್ಲ.” ತರಗತಿ ಒಮ್ಮೆಗೇ ಮಾತಿಗಿಳಿಯಿತು. ನಾನು ಅವರನ್ನು ಸುಮ್ಮನಾಗಿಸಿ ನನ್ನ ಯೋಜನೆಗೆ ಮರಳಿದೆ. ಅದು ನನ್ನ ಮೊದಲ ತಪ್ಪು.

ವಿವರಣೆಯ ಹಂತ ಚೆನ್ನಾಗಿಯೇ ಆಯಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಮನೆಯ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ ಸೆಕೆಂಡಿಗೆ ಎರಡು ಕೊಡ. ಮಳೆಗಾಲದಲ್ಲಿ ಪತ್ರಿಕೆಗಳು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಬರುವ ನೀರನ್ನೂ ದೂಧಗಂಗೆಯ ನೀರನ್ನೂ ಬೇರೆ ಬೇರೆ ಬರೆಯುತ್ತವೆ. ಎರಡೂ ಸೇರಿದ ಮೊತ್ತವೇ ಕಲ್ಲೋಳದ ಬಳಿಯ ಹರಿವು. ಮಕ್ಕಳು ಈ ಸಂಕಲನವನ್ನು ತಟ್ಟನೆ ಹಿಡಿದರು. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಅವರೇ ಮಾಡಿದರು. ಸುಮಾರು 105 ಟಿಎಂಸಿ ಸಾಮರ್ಥ್ಯದ ಕೊಯ್ನಾ ಜಲಾಶಯದಷ್ಟು ನೀರು ಹಾಗೆ ಹರಿದುಹೋಗಲು ಹನ್ನೆರಡು ದಿನ ಸಾಕು ಎಂದಾಗ ಎಲ್ಲರೂ ಬೆರಗಾದರು.

ಆಗ ಅದೇ ಹುಡುಗಿ ಕೇಳಿದಳು: “ಟೀಚರ್, ಸೆಕೆಂಡಿಗೆ ಎರಡ ಲಕ್ಷ ಕೊಡ ನೀರ ಬರ್ತಾವಂದ್ರ ನಮ್ಮ ಎಮ್ಮಿ ಯಾವಾಗ ಬಿಚ್ಚಬೇಕ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಬಾರಿಸಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಲೆಕ್ಕ ಸರಿಯಾಗಿದೆ, ಪಾಠ ಅರ್ಧಕ್ಕೆ ನಿಂತಿದೆ.”

ಮರುಯೋಜನೆ

ಎರಡನೆಯ ಅವಧಿಗೆಂದು ಬರೆದಿದ್ದ ಟಿಪ್ಪಣಿಯನ್ನು ಬದಿಗಿಟ್ಟು ಮಕ್ಕಳಿಗೆ ಮನೆಗೆಲಸ ಕೊಟ್ಟೆ. ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರಬೇಕು. ನೀರು ಬರುವ ಮೊದಲು ಏನು ಕಂಡಿತು? ಮನೆ ಬಿಟ್ಟದ್ದು ಯಾವಾಗ? ತಡವಾಗಿದ್ದರೆ ಯಾಕೆ?

ಮರುದಿನ ಬಂದ ಉತ್ತರಗಳಲ್ಲಿ ಮೊದಲ ಪ್ರಶ್ನೆಗೆ ಬಹುತೇಕ ಎಲ್ಲರದೂ ಒಂದೇ ಮಾತು: ಕೆಳಮಟ್ಟದ ಸೇತುವೆ ಮುಳುಗಿತು. ನಮ್ಮ ಕಡೆ ಕಲ್ಲೋಳ–ಯಡೂರ, ನಿಪ್ಪಾಣಿ ಕಡೆ ಜತ್ರಾಟ–ಭೀವಶಿ, ಕಾರದಗಾ–ಭೋಜ, ರಾಯಬಾಗ ಕಡೆ ಕುಡಚಿ ಸೇತುವೆ. ಪ್ರತಿ ಊರಿಗೂ ತನ್ನದೇ ಗುರುತು ಇದೆ. ತಡವಾದ ಕಾರಣಗಳು ದನಕರು, ಮೇವು, ಕಳ್ಳತನದ ಭಯ. ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಹಿರಿಯರ ಈ ಮಾತು: “2005ರಾಗ ಕಟ್ಟೀತನಕ ಅಷ್ಟ ಬಂದಿತ್ತು, ಅದಕ್ಕಿಂತ ಮ್ಯಾಲ ಬರಂಗಿಲ್ಲ.” 2019ರಲ್ಲಿ ನೀರು ಕಟ್ಟೆ ದಾಟಿ ಒಳಗೆ ಬಂದಿತ್ತು.

ಎರಡನೆಯ ಅವಧಿ

ಇಲ್ಲಿ ಮತ್ತೊಂದು ದ್ವೀಪದ ಕಥೆ ಹೇಳಿದೆ. ಇಂಡೋನೇಷ್ಯಾದ ಸಿಮೆಲುಯೆ ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತರು. ಉಳಿದವರು ಅದಕ್ಕೆ ‘ಸ್ಮಾಂಗ್’ ಎಂದು ಹೆಸರಿಟ್ಟು ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತ ಬಂದರು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದರೂ ಸುಮಾರು 78,000 ಜನರ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.

“ಅವರ ನೆನಪಿಗೂ ನಮ್ಮ ನೆನಪಿಗೂ ಏನು ವ್ಯತ್ಯಾಸ?” ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗ ಹೇಳಿದ: “ನಾವು ನೀರ ಎಲ್ಲೀತನಕ ಬಂತು ಅನ್ನೂದ ನೆನಪ ಇಟ್ಟೀವ್ರಿ. ಅವರು ಏನ್ ಮಾಡಬೇಕು ಅನ್ನೂದ ಇಟ್ಟಾರ.” ಪಾಠದ ಸಾರ ಅದೇ ಆಗಿತ್ತು. ಗೋಡೆಯ ಮೇಲಿನ ಹಳೆಯ ಗುರುತು ಮುಂದಿನ ನೀರಿಗೆ ಮಿತಿಯಲ್ಲ. ಒಂದು ಸೂಚನೆಗೆ ಒಂದು ಕೆಲಸ ಅಂಟಿಕೊಂಡಾಗ ಮಾತ್ರ ನೆನಪು ಸಿದ್ಧತೆಯಾಗುತ್ತದೆ.

ಬಳಿಕ ಗುಂಪುಗಳಲ್ಲಿ ‘ಸೂಚನೆ–ಕೆಲಸ’ ಪಟ್ಟಿ ತಯಾರಾಯಿತು:

• ಬ್ಯಾರೇಜಿನ ಹೊರಹರಿವು ದಿನದಿಂದ ದಿನಕ್ಕೆ ಏರುತ್ತಿದೆ: ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಹೊಲದ ಉತಾರ, ಪಾಠಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಮೊಬೈಲ್ ಚಾರ್ಜ್ ಮಾಡುವುದು.
• ಊರಿನ ಕೆಳಸೇತುವೆ ಮುಳುಗಿತು: ವಯಸ್ಸಾದವರು, ಬಸುರಿಯರು, ಹಸುಗೂಸುಗಳು ಹಾಗೂ ದನಕರುಗಳು ಮೇವಿನೊಂದಿಗೆ ಎತ್ತರದ ಜಾಗಕ್ಕೆ.
• ತೋಟದ ದಾರಿಯ ತಗ್ಗಿನತ್ತ ನೀರು ಬರುತ್ತಿದೆ: ದಾರಿ ಮುಚ್ಚುವ ಮೊದಲೇ ಎಲ್ಲರೂ ಹೊರಡುವುದು. ಸಿಕ್ಕಿಕೊಂಡರೆ 112 ಅಥವಾ 1077ಕ್ಕೆ ಕರೆ.

ಆಡಳಿತ ಹೊರಡಲು ಹೇಳಿದರೆ ಯಾವ ಸೂಚನೆಗೂ ಕಾಯಬಾರದು ಎಂದು ಕೆಳಗೆ ಸೇರಿಸಿದೆವು. ಮುಳುಗಿದ ಸೇತುವೆಯನ್ನು ಬೈಕಿನಲ್ಲಿ ದಾಟುವವರ ಮಾತು ಬಂದಾಗ ಭೌತವಿಜ್ಞಾನ ನೆರವಿಗೆ ಬಂತು: ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಮೊಣಕಾಲು ಮುಟ್ಟದ ನೀರೂ ದೊಡ್ಡವರನ್ನು ಕೆಡವಬಲ್ಲದು.

ಮೌಲ್ಯಮಾಪನ

ಪ್ರತಿಯೊಬ್ಬರೂ ತಮ್ಮ ಮನೆಯ ಪಟ್ಟಿ ಬರೆದು ಮನೆಯವರ ಸಹಿ ಮಾಡಿಸಿ ತಂದರು. ಆ ಹುಡುಗಿಯ ಪಟ್ಟಿಯಲ್ಲಿ ಎರಡನೆಯ ಸಾಲಿಗೇ ಎಮ್ಮೆ ಇತ್ತು. ಕಾರಣದ ಕಾಲಂನಲ್ಲಿ ಬರೆದಿದ್ದಳು: “ಎಮ್ಮಿ ಮೊದಲ ಹೋದ್ರ ಅಪ್ಪ ಹಿಂದ ಉಳಿಯಂಗಿಲ್ಲ.” ಅವಳ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು.

ನನ್ನ ಕೊರತೆಗಳು ಮತ್ತು ಸಲಹೆ

ಎರಡು ಅವಧಿ ಸಾಲಲಿಲ್ಲ, ಮೂರು ಬೇಕು. ಇನ್ನೊಂದು ಗಂಭೀರ ಕೊರತೆಯೂ ಉಂಟು. ಚರ್ಚೆಯ ಉದ್ದಕ್ಕೂ ಒಬ್ಬ ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಪ್ರವಾಹದಲ್ಲಿ ಅವರ ಮನೆ ಬಿದ್ದಿತ್ತು ಎಂದು ನನಗೆ ತಿಳಿದದ್ದು ಪಾಠ ಮುಗಿದ ಮೇಲೆ. ಇಂಥ ಪಾಠಕ್ಕೆ ಮೊದಲು ತರಗತಿ ಶಿಕ್ಷಕರನ್ನು ವಿಚಾರಿಸಿ, ಯಾರನ್ನೂ ಒತ್ತಾಯದಿಂದ ಮಾತಾಡಿಸದೆ ಇರುವುದು ಅಗತ್ಯ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಈ ಪಾಠವನ್ನು ಜೂನ್ ತಿಂಗಳಲ್ಲೇ, ನದಿ ತುಂಬುವ ಮೊದಲು ಮಾಡಿ. ನಿಮ್ಮ ಶಾಲೆಯ ಊರಿನಲ್ಲಿ ಮೊದಲು ಮುಳುಗುವ ಸೇತುವೆ ಯಾವುದೆಂದು ಮಕ್ಕಳನ್ನೇ ಕೇಳಿ, ಅಲ್ಲಿಂದ ಆರಂಭಿಸಿ.